ಆಗುಂಬೆ, ಚಾರ್ಮಾಡಿ, ಕುದುರೆಮುಖ, ಬಿಸ್ಲೆ: ಬೈಕ್‌ನಲ್ಲಿ ಹೋಗೋಕೆ ಯಾವ ಘಾಟಿ?

ಅಕ್ಕನ ಮಗ ಹೋದ ತಿಂಗಳು ಬೈಕ್ ಕೊಂಡ. 150 ಸಿಸಿ ಗಾಡಿ. ಮೊದಲ ಸರ್ವಿಸ್ ಆದ ಸಂಜೆಯೇ ಫೋನ್ ಮಾಡಿ, "ಮಾಮಾ, ಎರಡು ದಿನ ರಜೆ ಇದೆ, ಒಂದೇ ಒಂದು ಘಾಟಿ ಹೇಳಿ, ಎಲ್ಲಿಗೆ ಹೋಗಲಿ?" ಅಂತ ಕೇಳಿದ. ಅವನಿಗೆ ಆಗಲೇ ಹತ್ತು ಜನ ಆಗುಂಬೆ ಅಂದಿದ್ದರು. ನಾನು ಯೋಚಿಸಿ ಹೇಳುತ್ತೇನೆ ಅಂದೆ. ಹದಿನೈದು ವರ್ಷದಿಂದ ಮಲೆನಾಡಿಗೂ ಕರಾವಳಿಗೂ ನಡುವಿನ ಈ ರಸ್ತೆಗಳಲ್ಲಿ ಬೈಕ್ ಓಡಿಸಿದ್ದೇನೆ, ಮಳೆಯಲ್ಲಿ, ಬಿಸಿಲಲ್ಲಿ, ಒಬ್ಬನೇ, ಹಿಂದೆ ಅಪ್ಪನನ್ನು ಕೂರಿಸಿಕೊಂಡು. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಘಾಟಿ ಆರಿಸುವಾಗ ಎಲ್ಲರೂ ಕೇಳೋದು ಎಷ್ಟು ತಿರುವು ಇದೆ, ಎಷ್ಟು ಎತ್ತರ ಇದೆ ಅಂತ. ನಾನು ಕೇಳೋದು ಬೇರೆ: ನಿಲ್ಲೋಕೆ ಜಾಗ ಇದೆಯಾ? ಕಾರಿನಲ್ಲಿ ಹಿಂದೆ ಕೂತವರು ಕಿಟಕಿಯಿಂದ ಕಣಿವೆ ನೋಡಬಹುದು. ಬೈಕ್ ಓಡಿಸುವವರ ಕಣ್ಣು ಮುಂದಿನ ತಿರುವಿನ ಮೇಲೇ ಇರಬೇಕು, ಒಂದು ಕ್ಷಣ ಆಚೆ ಹೋದರೂ ಎದುರಿಗೆ ಬಸ್ ಬಂದಿರುತ್ತೆ. ಹಾಗಾಗಿ ಘಾಟಿಯಲ್ಲಿ ನೀವು ನಿಜವಾಗಿ ನೋಡೋದು ಗಾಡಿ ನಿಲ್ಲಿಸಿದಾಗ ಮಾತ್ರ. ನಿಲ್ಲೋಕೆ ಜಾಗ ಇಲ್ಲದ ಘಾಟಿ ಎಷ್ಟೇ ಚೆನ್ನಾಗಿದ್ದರೂ, ಇಳಿದು ಮುಗಿಸಿದ ಮೇಲೆ ನೆನಪಲ್ಲಿ ಉಳಿಯೋದು ಡಾಂಬರು ಮತ್ತು ಮುಂದಿನ ಲಾರಿಯ ಹಿಂಭಾಗ.

ಇದಕ್ಕೆ ಒಂದೇ ಒಂದು ರಸ್ತೆ ಹೊರತು, ಅದು ಕುದುರೆಮುಖದ್ದು. ಅಲ್ಲಿಗೆ ಆಮೇಲೆ ಬರುತ್ತೇನೆ.

ಶಿರಾಡಿಯನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಿ

ಬೆಂಗಳೂರು–ಮಂಗಳೂರು ಹೆದ್ದಾರಿ 75 ಸಕಲೇಶಪುರ ದಾಟಿ ಗುಂಡ್ಯಕ್ಕೆ ಇಳಿಯುವ ದಾರಿ ಇದು. ಕಾಡು ಚೆನ್ನಾಗಿದೆ, ಪಕ್ಕದಲ್ಲೇ ಹೊಳೆ ಹರಿಯುತ್ತೆ, ಎಲ್ಲಾ ನಿಜ. ಆದರೆ ಮಂಗಳೂರು ಬಂದರಿಗೆ ಹೋಗುವ ಲಾರಿಗಳು, ಗ್ಯಾಸ್ ಟ್ಯಾಂಕರ್‌ಗಳು, ರಾತ್ರಿಯ ಸ್ಲೀಪರ್ ಬಸ್‌ಗಳು ಎಲ್ಲವೂ ಇಲ್ಲೇ. ಟ್ಯಾಂಕರ್ ಹಿಂದೆ ಹೊಗೆ ಕುಡಿಯುತ್ತಾ ಅರ್ಧ ಗಂಟೆ ಹೋಗೋದು, ಇಲ್ಲ ಅಂದರೆ ತಿರುವಿನಲ್ಲಿ ಓವರ್‌ಟೇಕ್ ಮಾಡೋದು, ಎರಡೇ ದಾರಿ. ಎರಡೂ ಬೇಡ. ಮಳೆಗಾಲದಲ್ಲಿ ಗುಡ್ಡ ಕುಸಿತ ಬೇರೆ. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ಮಣ್ಣು ಜಾರಿ ಸಂಚಾರ ನಿಂತಿತ್ತು. ಕೆಲಸದ ಮೇಲೆ ಮಂಗಳೂರಿಗೆ ಹೋಗಬೇಕಾದರೆ ಶಿರಾಡಿ ಸರಿ. ನೋಡೋಕೆ ಅಂತ ಹೋಗುವವರಿಗೆ ಅಲ್ಲ.

ಮಡಿಕೇರಿಯಿಂದ ಸುಳ್ಯದ ಕಡೆಗೆ ಇಳಿಯುವ ಸಂಪಾಜೆ ಘಾಟಿ ಶಿರಾಡಿಗಿಂತ ಎಷ್ಟೋ ಮೇಲು. ಆದರೂ ಕೊಡಗಿಗೆ ಹೇಗೂ ಹೋಗುತ್ತಿದ್ದೀರಿ ಅಂದರೆ ಮಾತ್ರ ಸೇರಿಸಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಬೆಟ್ಟ ಜಾರಿ ಬಂದ ಜಾಗವನ್ನು ದಾಟುವಾಗ ನನಗೆ ಈಗಲೂ ಮಾತು ನಿಂತುಹೋಗುತ್ತೆ.

ಆಗುಂಬೆ: ಹೆಸರು ದೊಡ್ಡದು, ಘಾಟಿ ಚಿಕ್ಕದು

ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ದಾರಿ. ಮೇಲೆ ಆಗುಂಬೆ, ಕೆಳಗೆ ಸೋಮೇಶ್ವರ, ನಡುವೆ 14 ಹೇರ್‌ಪಿನ್ ತಿರುವು. ಒಟ್ಟು ದೂರ ಹತ್ತು ಕಿಲೋಮೀಟರ್ ಅಷ್ಟೇ. ದೊಡ್ಡ ಲಾರಿಗಳಿಗೆ ಅವಕಾಶ ಇಲ್ಲ, ಮಿನಿ ಬಸ್‌ಗಳು ಓಡಾಡುತ್ತವೆ. ಬೈಕ್‌ನವರಿಗೆ ಇದು ದೊಡ್ಡ ನೆಮ್ಮದಿ.

ಆದರೆ ತಿರುವುಗಳು ತುಂಬಾ ಕಡಿದು. ರಸ್ತೆ ಕಿರಿದು. ಮಿನಿ ಬಸ್ ಕೂಡ ತಿರುಗುವಾಗ ಪೂರ್ತಿ ರಸ್ತೆ ತಗೊಳ್ಳುತ್ತೆ. ಕೆಳಗಿನಿಂದ ಬಸ್ಸಿನ ಹಾರ್ನ್ ಕೇಳಿದರೆ ತಿರುವಿಗೆ ನುಗ್ಗಬೇಡಿ. ಮೇಲೆಯೇ ಹತ್ತು ಅಡಿ ಹಿಂದೆ ನಿಲ್ಲಿ, ಅದು ಹತ್ತಿ ಹೋಗಲಿ. ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು ಅನ್ನೋದು ಘಾಟಿಯ ನಿಯಮ. ನಮ್ಮಲ್ಲಿ ಎಷ್ಟೋ ಹುಡುಗರಿಗೆ ಇದು ಗೊತ್ತೇ ಇಲ್ಲ.

ಘಾಟಿಯ ಉದ್ದಕ್ಕೂ ಕಾಡು ದಟ್ಟವಾಗಿ ಮುಚ್ಚಿಕೊಂಡಿರುತ್ತೆ. ನೋಟ ಅಂತ ಸಿಗೋದು ಮೇಲಿನ ಸೂರ್ಯಾಸ್ತ ಕಟ್ಟೆಯಲ್ಲಿ. ಅಲ್ಲಿಂದ ಆಕಾಶ ಶುಭ್ರ ಇದ್ದ ದಿನ ದೂರದಲ್ಲಿ ಅರಬ್ಬಿ ಸಮುದ್ರದ ಗೆರೆ ಕಾಣುತ್ತೆ, ಸೂರ್ಯ ಅದರೊಳಗೆ ಇಳಿಯೋದು ಕಾಣುತ್ತೆ. ನವೆಂಬರ್‌ನಿಂದ ಜನವರಿ ಒಳ್ಳೆ ಕಾಲ. ಜುಲೈನಲ್ಲಿ ಸೂರ್ಯಾಸ್ತ ನೋಡೋಕೆ ಬಂದು ಬಿಳಿ ಮಂಜು ನೋಡಿಕೊಂಡು ಹೋದವರು ಎಷ್ಟೋ ಜನ ಇದ್ದಾರೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು ಅದು.

ಇನ್ನೊಂದು ತೊಂದರೆ ಹೇಳಲೇಬೇಕು. ಸೂರ್ಯ ಮುಳುಗಿದ ಕೂಡಲೇ ಅಲ್ಲಿ ಸೇರಿದ್ದ ಎಲ್ಲಾ ಗಾಡಿಗಳೂ ಒಟ್ಟಿಗೆ ಹೊರಡುತ್ತವೆ. ಅರ್ಧ ಜನ ಕೆಳಗೆ, ಅರ್ಧ ಜನ ಮೇಲೆ. ಕತ್ತಲು, ಎದುರಿನ ಹೆಡ್‌ಲೈಟ್, ಹದಿನಾಲ್ಕು ತಿರುವು. ಸೂರ್ಯಾಸ್ತ ನೋಡಬೇಕಾದರೆ ಆಗುಂಬೆಯಲ್ಲೋ ತೀರ್ಥಹಳ್ಳಿಯಲ್ಲೋ ಉಳಿದುಕೊಳ್ಳಿ, ಘಾಟಿ ಇಳಿಯೋದನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಆ ಕಾಡೊಳಗೆ ಇಳಿಯುವಾಗ ಇಂಜಿನ್ ಸದ್ದಿನ ಮೇಲೂ ಹಕ್ಕಿಗಳ ಕೂಗು ಕೇಳುತ್ತೆ. ತಿರುವುಗಳಲ್ಲಿ ಕೋತಿಗಳು ಕೂತಿರುತ್ತವೆ, ತಿಂಡಿ ಕೊಡಬೇಡಿ. ಕೊಟ್ಟು ಕೊಟ್ಟೇ ಅವು ರಸ್ತೆಗೆ ಬಂದಿರೋದು, ಗಾಡಿಗಳಿಗೆ ಸಿಕ್ಕಿ ಸಾಯೋದು.

ನನ್ನ ಪ್ರಕಾರ ಆಗುಂಬೆ ಉಳಿಯೋಕೆ ಒಳ್ಳೆ ಜಾಗ. ಒಂದು ದಿನ ಇದ್ದು ಕುಂದಾದ್ರಿ ಹತ್ತಿ (ಬೈಕ್ ಹೆಚ್ಚು ಕಡಿಮೆ ತುದಿವರೆಗೂ ಹೋಗುತ್ತೆ, ಮೇಲೆ ಜೈನ ಬಸದಿ ಇದೆ), ಕಾಡಲ್ಲಿ ನಡೆದು ಬರೋಕೆ. ಸುಮ್ನೆ ಬೈಕ್ ಓಡಿಸೋಕೆ ಅಂತಲೇ ಬೆಂಗಳೂರಿಂದ 350 ಕಿಲೋಮೀಟರ್ ಹೋಗಿ ಹತ್ತು ಕಿಲೋಮೀಟರ್ ಘಾಟಿ ಇಳಿಯೋದು ನನಗೆ ಸಾಕಾಗಲ್ಲ.

ಆಗುಂಬೆಗೆ ಹೋಗಿಯೇ ತೀರುತ್ತೇನೆ ಅನ್ನುವವರು ಬಂದ ದಾರಿಯಲ್ಲೇ ವಾಪಸ್ ಹತ್ತಬೇಡಿ. ಹೆಬ್ರಿಯಿಂದ ಸಿದ್ದಾಪುರಕ್ಕೆ ಬನ್ನಿ. ಇದು ಕುಂದಾಪುರದ ಹತ್ತಿರದ ಸಿದ್ದಾಪುರ, ಕೊಡಗಿನದ್ದೂ ಅಲ್ಲ, ಉತ್ತರ ಕನ್ನಡದ್ದೂ ಅಲ್ಲ. ಮೊಬೈಲ್ ಮ್ಯಾಪ್‌ನಲ್ಲಿ ಹಾಕುವಾಗ ನೋಡಿಕೊಳ್ಳಿ. ಅಲ್ಲಿಂದ ಹೊಸಂಗಡಿ, ಆಮೇಲೆ ಬಾಳೆಬರೆ ಘಾಟಿ ಹತ್ತಿ ಹುಲಿಕಲ್, ಮಾಸ್ತಿಕಟ್ಟೆ. ಆಗುಂಬೆಯಲ್ಲಿ ಬಿಡದ ಲಾರಿಗಳು ಇಲ್ಲಿ ಬರುತ್ತವೆ, ಆದರೂ ಶಿರಾಡಿಯಷ್ಟು ಗಿಜಿಗಿಜಿ ಇಲ್ಲ. ಮೇಲೆ ಚಂಡಿಕಾ ದೇವಸ್ಥಾನದ ಹತ್ತಿರ ಡ್ರೈವರ್‌ಗಳು ಗಾಡಿ ನಿಲ್ಲಿಸಿ ಕೈಮುಗಿದು ಹೋಗುತ್ತಾರೆ. ನಾನೂ ನಿಲ್ಲಿಸುತ್ತೇನೆ.

ಚಾರ್ಮಾಡಿ: ನಿಂತು ನೋಡುವವರ ಘಾಟಿ

ಮೂಡಿಗೆರೆ ದಾಟಿ ಕೊಟ್ಟಿಗೆಹಾರ. ಅಲ್ಲಿಂದ ಉಜಿರೆ ಕಡೆಗೆ ಇಳಿಯುವ ಹೆದ್ದಾರಿ 73. ಘಾಟಿಯೇ ಇಪ್ಪತ್ತು ಕಿಲೋಮೀಟರ್‌ಗೂ ಜಾಸ್ತಿ, ಅಂದರೆ ಆಗುಂಬೆಯ ಎರಡರಷ್ಟು.

ಇಲ್ಲಿ ಕಾಡು ರಸ್ತೆಯನ್ನು ಪೂರ್ತಿ ಮುಚ್ಚಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ ತೆರೆದುಕೊಂಡೇ ಇರುತ್ತೆ. ಆಚೆ ದಂಡೆಯಲ್ಲಿ ಬೆಟ್ಟಗಳು ಒಂದರ ಹಿಂದೆ ಒಂದು. ತಡೆಗೋಡೆ ಪಕ್ಕ ಬೈಕ್ ಒರಗಿಸಿ ನಿಲ್ಲುವಷ್ಟು ಅಗಲದ ಜಾಗ ಅಲ್ಲಲ್ಲಿ ಸಿಗುತ್ತೆ. ಕಾರಿನವರಿಗೆ ಸಿಗದ ಜಾಗ ಬೈಕ್‌ನವರಿಗೆ ಸಿಗುತ್ತೆ, ಚಾರ್ಮಾಡಿಯಲ್ಲಿ ನಮಗೆ ಇರುವ ದೊಡ್ಡ ಅನುಕೂಲ ಇದೇ. ಮಳೆಗಾಲದಲ್ಲಿ ರಸ್ತೆ ಪಕ್ಕದ ಬಂಡೆಗಳ ಮೇಲಿಂದ ಸಾಲು ಸಾಲು ಜಲಪಾತ ಬೀಳುತ್ತವೆ. ಕೆಲವು ಕಡೆ ನೀರಿನ ಹನಿ ಹೆಲ್ಮೆಟ್ ಮೇಲೆ ಬೀಳುವಷ್ಟು ಹತ್ತಿರ.

ಕೊಟ್ಟಿಗೆಹಾರದ ಬೆಳಗ್ಗೆಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಮಂಜಿನಲ್ಲಿ ಎದುರಿನ ಅಂಗಡಿ ಬೋರ್ಡ್ ಕೂಡ ಅರ್ಧ ಮಾತ್ರ ಕಾಣುತ್ತಿರುತ್ತೆ. ಒಳಗೆ ಕಾವಲಿ ಮೇಲೆ ನೀರು ದೋಸೆ ಹುಯ್ಯುವ ಚುಂಯ್ ಸದ್ದು. ಗ್ಲೌಸ್ ತೆಗೆದರೆ ಬೆರಳು ಮರಗಟ್ಟಿ ಲೋಟ ಹಿಡಿಯೋಕೂ ಆಗಲ್ಲ, ಎರಡೂ ಅಂಗೈಯಲ್ಲಿ ಕಾಫಿ ಲೋಟ ಒತ್ತಿಕೊಂಡು ಕೂರಬೇಕು. ದೋಸೆ ತೆಳ್ಳಗೆ, ಮಡಿಸಿ ಮಡಿಸಿ ತಟ್ಟೆಗೆ ಬೀಳುತ್ತಲೇ ಇರುತ್ತೆ. ಎಂಟು ತಿಂದರೂ ಹೊಟ್ಟೆ ಭಾರ ಅನ್ನಿಸಲ್ಲ. ಮಂಜು ಸ್ವಲ್ಪ ಎತ್ತಿದ ಮೇಲೆ ಹೊರಡಿ, ಅವಸರ ಮಾಡಬೇಡಿ. ಒಂದು ಸಲ ನಾನು ಕಾಯದೆ ಹೊರಟೆ. ವೈಸರ್ ಒಳಗೂ ಮಂಜು, ಹೊರಗೂ ಮಂಜು. ವೈಸರ್ ಎತ್ತಿದರೆ ಕಣ್ಣಿಗೆ ನೀರು. ರಸ್ತೆ ಅಂಚಿನ ಬಿಳಿ ಗೆರೆ ಒಂದನ್ನೇ ನಂಬಿಕೊಂಡು ಹದಿನೈದು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೆ, ಒಂದು ಕಡೆ ಆ ಗೆರೆಯೇ ಅಳಿಸಿಹೋಗಿತ್ತು. ಅಣ್ಣಪ್ಪ ಸ್ವಾಮಿ ಗುಡಿಯ ದೀಪ ಕಂಡಾಗ ಎದೆಬಡಿತ ಇಳಿಯಿತು. ಅಲ್ಲಿ ಅರ್ಧ ಗಂಟೆ ಕೂತು ಆಮೇಲೆ ಹೊರಟೆ.

ಚಾರ್ಮಾಡಿಯ ತೊಂದರೆ ಮಳೆಗಾಲದ್ದು. 2019ರ ಆಗಸ್ಟ್ ಮಳೆಗೆ ಹಲವು ಕಡೆ ಗುಡ್ಡ ಕುಸಿದು ತಿಂಗಳುಗಟ್ಟಲೆ ರಸ್ತೆ ಮುಚ್ಚಿತ್ತು. ಈಗಲೂ ಜೋರು ಮಳೆ ಬಂದರೆ ಮಣ್ಣು, ಮರ ರಸ್ತೆಗೆ ಬರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಹಿಂದಿನ ದಿನ ಕೊಟ್ಟಿಗೆಹಾರದ ಯಾವುದಾದರೂ ಹೋಟೆಲ್‌ಗೆ ಫೋನ್ ಮಾಡಿ ಕೇಳಿಬಿಡಿ. ಮ್ಯಾಪ್‌ಗಿಂತ ಅವರಿಗೆ ಸರಿಯಾಗಿ ಗೊತ್ತಿರುತ್ತೆ. ಜಲಪಾತದ ಬಂಡೆ ಹತ್ತಬೇಡಿ, ಪೊಲೀಸರು ಬಂದು ಇಳಿಸುತ್ತಾರೆ, ಇಳಿಸಲೇಬೇಕು. ಆ ಬಂಡೆಯ ಪಾಚಿ ಮೇಲೆ ಜಾರಿದವರು ಕೆಳಗೆ ಎಲ್ಲಿಗೆ ಹೋಗುತ್ತಾರೆ ಅಂತ ಒಮ್ಮೆ ತಡೆಗೋಡೆಯಿಂದ ಬಗ್ಗಿ ನೋಡಿದರೆ ಸಾಕು.

ಕುದುರೆಮುಖ: ನಿಲ್ಲುವಂತಿಲ್ಲ, ಆದರೂ

ನಿಲ್ಲೋಕೆ ಜಾಗ ಇಲ್ಲದ ರಸ್ತೆ ಬೇಡ ಅಂದೆ. ಕುದುರೆಮುಖದಲ್ಲಿ ರಾಷ್ಟ್ರೀಯ ಉದ್ಯಾನದ ಒಳಗೇ ರಸ್ತೆ ಹೋಗುವುದರಿಂದ ಎಲ್ಲೆಂದರಲ್ಲಿ ನಿಲ್ಲುವಂತಿಲ್ಲ. ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಂಬರ್ ಬರೆದುಕೊಂಡು ಒಳಗೆ ಬಿಡುತ್ತಾರೆ. ಆದರೂ ಈ ರಸ್ತೆ ನನಗೆ ಎಲ್ಲಕ್ಕಿಂತ ಇಷ್ಟ. ಯಾಕೆ ಅಂದರೆ ಇಲ್ಲಿ ಓಡಿಸುತ್ತಲೇ ನೋಡಬಹುದು.

ಕಾರ್ಕಳ ಕಡೆಯಿಂದ ಬಜಗೋಳಿ, ಮಾಳ ದಾಟಿ ಘಾಟಿ ಹತ್ತಿದರೆ ಎಸ್.ಕೆ. ಬಾರ್ಡರ್. ದಕ್ಷಿಣ ಕನ್ನಡ ಜಿಲ್ಲೆಯನ್ನು ಸೌತ್ ಕೆನರಾ ಅನ್ನುತ್ತಿದ್ದ ಕಾಲದ ಹೆಸರು ಅದು, ಹಾಗೇ ಉಳಿದಿದೆ. ಅಲ್ಲಿ ದಾರಿ ಕವಲೊಡೆಯುತ್ತೆ: ಒಂದು ಕೆರೆಕಟ್ಟೆ ಮೇಲೆ ಶೃಂಗೇರಿಗೆ, ಇನ್ನೊಂದು ಕುದುರೆಮುಖ, ಸಂಸೆ ಮೇಲೆ ಕಳಸಕ್ಕೆ. ಎರಡನೆಯದು ಹಿಡಿಯಿರಿ. ಮಾಳದ ಏರು ಘಾಟಿಯ ತಿರುವುಗಳೆಲ್ಲಾ ಮುಗಿದ ಮೇಲೆ ರಸ್ತೆ ಬೆಟ್ಟಗಳ ನಡುವೆ ಉದ್ದಕ್ಕೆ, ಮೆಲ್ಲಗೆ ಬಳುಕುತ್ತಾ ಹೋಗುತ್ತೆ. ಎರಡೂ ಕಡೆ ಹುಲ್ಲುಗುಡ್ಡ, ಮಡಿಲುಗಳಲ್ಲಿ ಮಾತ್ರ ಕಪ್ಪು ಹಸಿರಿನ ಶೋಲಾ ಕಾಡು. ನಾಲ್ಕನೇ ಗೇರ್, ನಲವತ್ತರ ವೇಗ, ಮುಂದಿನ ಅರ್ಧ ಕಿಲೋಮೀಟರ್ ಕಣ್ಣ ಮುಂದೆ ಕಾಣುತ್ತಿರುತ್ತೆ. ಹಾಗಾಗಿ ತಲೆ ಎತ್ತಿ ಬೆಟ್ಟ ನೋಡೋಕೆ ಧೈರ್ಯ ಬರುತ್ತೆ.

ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದು ಇದೇ ರಸ್ತೆಯಲ್ಲಿ, ಒಂದು ಅಕ್ಟೋಬರ್‌ನಲ್ಲಿ. ಮಾತು ಕಡಿಮೆ ಮನುಷ್ಯ. ಹುಲ್ಲಿನ ಮೇಲೆ ಗಾಳಿ ಅಲೆ ಅಲೆಯಾಗಿ ಹೋಗುವುದನ್ನು ನೋಡಿ ನನ್ನ ಭುಜ ತಟ್ಟಿ, "ಸ್ವಲ್ಪ ನಿಧಾನ ಹೋಗೋ" ಅಂದರು. ಆಗಲೇ ನಿಧಾನ ಇದ್ದೆ. ಇನ್ನೂ ನಿಧಾನ ಮಾಡಿದೆ.

ಈ ಗುಡ್ಡಗಳಲ್ಲೇ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ. ಭದ್ರಾ ನಿಮ್ಮ ಜೊತೆಗೇ ಒಂದಷ್ಟು ದೂರ ಬರುತ್ತಾಳೆ. ದಾರಿಯಲ್ಲಿ ಹನುಮನಗುಂಡಿ ಜಲಪಾತ ಇದೆ, ಟಿಕೆಟ್ ತಗೊಂಡು ಮೆಟ್ಟಿಲು ಇಳಿದು ನೋಡಬೇಕು. ಬೈಕ್ ನಿಲ್ಲಿಸೋಕೆ ಅನುಮತಿ ಇರುವ ಜಾಗಗಳಲ್ಲಿ ಅದೊಂದು. ಮುಂದೆ ಕುದುರೆಮುಖ ಊರು. ಕಬ್ಬಿಣದ ಅದಿರಿನ ಕಂಪನಿಗಾಗಿ ಕಟ್ಟಿದ ಊರದು. 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಹೆಚ್ಚಿನ ಮನೆಗಳು ಖಾಲಿ. ಸಾಲು ಮನೆಗಳ ಚಾವಣಿ ಮೇಲೆ ಗಿಡ ಬೆಳೆದಿರೋದು ರಸ್ತೆಯಿಂದಲೇ ಕಾಣುತ್ತೆ. ಗಣಿ ನಿಲ್ಲಲಿ ಅಂತ ಎಷ್ಟೋ ಜನ ವರ್ಷಗಟ್ಟಲೆ ಹೋರಾಡಿದ್ದರಿಂದ ಈ ಬೆಟ್ಟಗಳು ಹೀಗೆ ಉಳಿದಿವೆ. ಹಾಗೆ ಉಳಿದ ಜಾಗದಲ್ಲಿ ಚಿಪ್ಸ್ ಪ್ಯಾಕೆಟ್ ಎಸೆಯುವವರನ್ನು ಕಂಡರೆ ನನಗೆ ತಡೆಯೋಕೆ ಆಗಲ್ಲ, ಗಾಡಿ ಅಡ್ಡ ಹಾಕಿ ಕೇಳಿದ್ದೇನೆ.

ಹೊರಡುವ ಮುಂಚೆ ನೆನಪಿಡಬೇಕಾದ್ದು: ಕತ್ತಲಾಗುವ ಮುಂಚೆ ಕಾಡು ದಾಟಬೇಕು, ಆದ್ದರಿಂದ ಮಧ್ಯಾಹ್ನದೊಳಗೆ ಚೆಕ್‌ಪೋಸ್ಟ್‌ನಲ್ಲಿ ಇರಿ. ಪೆಟ್ರೋಲ್ ಕಾರ್ಕಳದಲ್ಲೋ ಕಳಸದಲ್ಲೋ ತುಂಬಿಸಿಕೊಳ್ಳಿ. ಮೊಬೈಲ್ ಸಿಗ್ನಲ್ ಬಹಳ ಕಡೆ ಸಿಗಲ್ಲ. ಪಂಕ್ಚರ್ ಆದರೆ ನೀವೇ ನೋಡಿಕೊಳ್ಳಬೇಕು, ಟ್ಯೂಬ್‌ಲೆಸ್ ಟೈರ್ ಇದ್ದರೆ ಪಂಕ್ಚರ್ ಕಿಟ್ ಮತ್ತು ಕೈ ಪಂಪ್ ಬ್ಯಾಗಿನಲ್ಲಿರಲಿ.

ಬಿಸ್ಲೆ: ಹೊಸಬರಿಗೆ ಬೇಡ

ಸಕಲೇಶಪುರದ ಕಡೆಯಿಂದ ಕುಕ್ಕೆ ಸುಬ್ರಹ್ಮಣ್ಯದ ಹತ್ತಿರದ ಕುಲ್ಕುಂದಕ್ಕೆ ಇಳಿಯುವ ಕಾಡು ದಾರಿ. ಗಾಡಿಗಳು ಬಹಳ ಕಡಿಮೆ. ರಸ್ತೆ ಕಿರಿದು, ಕಾಂಕ್ರೀಟ್ ಹಾಕಿದ್ದಾರೆ, ಮರಗಳು ಮೇಲೆ ಕೂಡಿಕೊಂಡು ಮಧ್ಯಾಹ್ನವೂ ಸಂಜೆಯ ಹಾಗಿರುತ್ತೆ.

ಇಲ್ಲಿ ಎರಡು ನಿಲ್ದಾಣ ನನಗೆ ತುಂಬಾ ಇಷ್ಟ. ಒಂದು ಮಂಕನಹಳ್ಳಿಯ ಹತ್ತಿರದ ಹಳೇ ಕಲ್ಲು. ಇದರ ಒಂದು ಕಡೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಕಡೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ ಅಂತ ಬ್ರಿಟಿಷರ ಕಾಲದಲ್ಲಿ ನೆಟ್ಟ ಗುರುತು. ನೋಡೋಕೆ ಮೊಣಕಾಲೆತ್ತರದ ಕಲ್ಲು ಅಷ್ಟೇ. ಆದರೆ ರೇನ್‌ಕೋಟಿನಿಂದ ನೀರು ಇಳಿಯುತ್ತಿರುವಾಗ ಅದರ ಪಕ್ಕ ನಿಂತರೆ, ಎಡ ತೋಳಿನ ಹನಿ ಒಂದು ಸಮುದ್ರಕ್ಕೆ, ಬಲ ತೋಳಿನದ್ದು ಇನ್ನೊಂದಕ್ಕೆ ಅನ್ನಿಸಿ ಮೈ ಜುಂ ಅನ್ನುತ್ತೆ. ಎರಡನೆಯದು ಬಿಸ್ಲೆ ವ್ಯೂ ಪಾಯಿಂಟ್. ಎದುರಿಗೆ ಕುಮಾರ ಪರ್ವತದ ಸಾಲು, ಕೆಳಗೆ ಬರೀ ಕಾಡು. ಒಂದು ಮನೆಯೂ ಕಾಣಲ್ಲ.

ಹಾಗಾದರೆ ಹೊಸಬರಿಗೆ ಯಾಕೆ ಬೇಡ? ಕಾಂಕ್ರೀಟ್ ಒದ್ದೆಯಾದಾಗ, ಅದರಲ್ಲೂ ಮರದ ನೆರಳಲ್ಲಿ ಬಿಸಿಲೇ ಬೀಳದ ಕಡೆ, ಪಾಚಿ ಕಟ್ಟುತ್ತೆ. ಡಾಂಬರಿನ ಹಾಗೆ ಅದು ಟೈರನ್ನು ಹಿಡಿಯಲ್ಲ. ಮೂರು ವರ್ಷದ ಹಿಂದೆ ಬಾಡಿಗೆ ಬೈಕ್ ತಗೊಂಡು ಇಲ್ಲಿಗೆ ಬಂದಿದ್ದೆ, ಕೊಟ್ಟವರು ಹೊಸ ಟೈರ್ ಅಂದಿದ್ದರು, ನಾನು ಬಗ್ಗಿ ನೋಡಿರಲಿಲ್ಲ. ಎದುರಿಗೆ ಜೀಪ್ ಬಂತು ಅಂತ ಅಂಚಿಗೆ ಸರಿದು ಮುಂದಿನ ಬ್ರೇಕ್ ಮುಟ್ಟಿದೆ, ಅಷ್ಟೇ. ಹಿಡಿಯೋಕೂ ಹೊತ್ತು ಸಿಗಲಿಲ್ಲ. ಬೈಕ್ ಒಂದು ಕಡೆ, ನಾನು ಒಂದು ಕಡೆ. ಮೊಣಕೈ ತರಚಿತು, ಕ್ಲಚ್ ಲಿವರ್ ಮುರಿಯಿತು. ಜೀಪಿನವರು ಇಳಿದು ಬೈಕ್ ಎತ್ತಿಕೊಟ್ಟು, ಸುಬ್ರಹ್ಮಣ್ಯದವರೆಗೆ ಹಿಂದೆಯೇ ಬಂದರು. ಆಮೇಲೆ ಟೈರ್ ನೋಡಿದರೆ ನಡುವಿನ ಗೆರೆಗಳೆಲ್ಲಾ ಸವೆದು ನುಣ್ಣಗಾಗಿತ್ತು. ಬಾಡಿಗೆ ಗಾಡಿ ತಗೊಳ್ಳುವಾಗ ಟೈರ್ ಮೇಲೆ ಬೆರಳು ಆಡಿಸಿ ನೋಡಿ. ಒಂದು ನಿಮಿಷದ ಕೆಲಸ.

ಆನೆಗಳೂ ಈ ಕಾಡಲ್ಲಿವೆ. ಬೆಳಿಗ್ಗೆ ಎಂಟರ ಮುಂಚೆ, ಸಂಜೆ ಐದರ ನಂತರ ಬಿಸ್ಲೆಗೆ ಇಳಿಯಬೇಡಿ. ರಸ್ತೆ ಮೇಲೆ ಹಸಿ ಲದ್ದಿ ಕಂಡರೆ ವಾಪಸ್ ತಿರುಗಿಸಿ, ಮುಂದೆ ನೋಡೋಣ ಅನ್ನೋದು ಬೇಡ. ಮಳೆಗಾಲದಲ್ಲಿ ಇಂಬಳಗಳು ಶೂ ಒಳಗೆ ಸೇರಿಕೊಳ್ಳುತ್ತವೆ, ಅದಕ್ಕೆ ಹೆದರಬೇಕಿಲ್ಲ. ಸ್ವಲ್ಪ ಉಪ್ಪು ಇಟ್ಟುಕೊಂಡರೆ ಆಯಿತು.

ಹಾಗಾದರೆ ಯಾವುದು?

ಹಿಂದೆ ಹೆಂಡತಿ, ಅಪ್ಪ, ಅಮ್ಮ ಯಾರಾದರೂ ಕೂರುತ್ತಾರೆ ಅಂದರೆ ಕುದುರೆಮುಖ. ತಿರುವು ಮೆತ್ತಗೆ, ಸೊಂಟಕ್ಕೆ ಹಿತ. ಇಬ್ಬರು ಕೂತು ಆಗುಂಬೆ ಇಳಿದರೆ ಪ್ರತಿ ತಿರುವಲ್ಲೂ ಹಿಂದಿನವರ ಭಾರ ನಿಮ್ಮ ಮಣಿಕಟ್ಟಿನ ಮೇಲೆ ಬರುತ್ತೆ, ಹದಿನಾಲ್ಕನೇ ತಿರುವಿನ ಹೊತ್ತಿಗೆ ಕೈ ಸೋತಿರುತ್ತೆ. ಮಳೆ ನೋಡಬೇಕು ಅಂದರೆ ಚಾರ್ಮಾಡಿ, ರಸ್ತೆ ತೆರೆದಿದೆ ಅಂತ ಖಾತ್ರಿ ಮಾಡಿಕೊಂಡು. ಒಂಟಿಯಾಗಿ, ಸದ್ದಿಲ್ಲದೆ ಇರಬೇಕು ಅನ್ನಿಸಿದ ದಿನಕ್ಕೆ ಬಿಸ್ಲೆ, ಅದೂ ಡಿಸೆಂಬರ್ ನಂತರ ಕಾಂಕ್ರೀಟ್ ಒಣಗಿದ ಮೇಲೆ. ಘಾಟಿಗಿಂತ ಊರು, ಕಾಡು, ಸೂರ್ಯಾಸ್ತ ಮುಖ್ಯ ಅನ್ನುವವರಿಗೆ ಆಗುಂಬೆ.

ಯಾವುದೇ ಆದರೂ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಬೇಡಿ. ಪೆಟ್ರೋಲ್ ಉಳಿಯುತ್ತೆ ಅಂತ ಹಾಗೆ ಇಳಿಯುವವರು ಇದ್ದಾರೆ. ಹತ್ತುವಾಗ ಯಾವ ಗೇರ್ ಬೇಕಾಗುತ್ತೋ ಅದೇ ಗೇರ್‌ನಲ್ಲಿ ಇಳಿಯಿರಿ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತೆ. ಬ್ರೇಕ್ ಒತ್ತಿ ಒತ್ತಿ ಬಿಸಿಯಾದರೆ ಕೊನೆಯ ತಿರುವಲ್ಲಿ ಬೇಕಾದಾಗ ಅದು ಹಿಡಿಯಲ್ಲ.

ಹುಡುಗನಿಗೆ ಕೊನೆಗೆ ನಾನು ಹೇಳಿದ್ದು ಒಂದು ಘಾಟಿ ಅಲ್ಲ, ಒಂದು ಸುತ್ತು. ಮೊದಲ ದಿನ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿ, ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ, ನಾರಾವಿ ಮೇಲೆ ಬಜಗೋಳಿಗೆ ಬಾ, ಕಾರ್ಕಳದಲ್ಲಿ ಮಲಗು. ಎರಡನೇ ದಿನ ಬೆಳಿಗ್ಗೆ ಬೇಗ ಎದ್ದು ಮಾಳ ಹತ್ತಿ ಎಸ್.ಕೆ. ಬಾರ್ಡರ್, ಕುದುರೆಮುಖ, ಕಳಸ. ಅಲ್ಲಿಂದ ಹೇಮಾವತಿ ಹುಟ್ಟುವ ಜಾವಳಿ ಮೇಲೆ ಮತ್ತೆ ಕೊಟ್ಟಿಗೆಹಾರ. ಒಂದು ಘಾಟಿ ಇಳಿಯೋಕೆ, ಇನ್ನೊಂದು ಹತ್ತೋಕೆ, ಹೋದ ದಾರಿಯಲ್ಲಿ ಮತ್ತೆ ಬರೋದಿಲ್ಲ. ಬೆಂಗಳೂರಿಗೆ ವಾಪಸ್ ಅದೇ ದಿನ ಬೇಡ, ಇನ್ನೊಂದು ದಿನ ರಜೆ ಕೇಳು ಅಂದೆ.

ಕೇಳಿದ, ಸಿಕ್ಕಿತು. ಹೋದ ಭಾನುವಾರ ಬೆಳಿಗ್ಗೆ ಫೋಟೋ ಕಳಿಸಿದ್ದ: ಮಂಜು, ತಟ್ಟೆಯಲ್ಲಿ ಮಡಿಸಿದ ನೀರು ದೋಸೆ, ಪಕ್ಕದಲ್ಲಿ ಹೆಲ್ಮೆಟ್. "ಮಂಜು ಎತ್ತೋವರೆಗೂ ಕಾಯ್ತಾ ಇದೀನಿ ಮಾಮಾ" ಅಂತ ಕೆಳಗೆ ಬರೆದಿದ್ದ.